ಗದ್ದದ ಕೂದಲು ಮತ್ತು ವೈದ್ಯರ ಚೀಟಿ

ಹೆಂಗಸರ ಗದ್ದದಲ್ಲಿ, ಮೇಲ್ದುಟಿಯ ಮೇಲೆ ಒರಟು ಕೂದಲು ಬೆಳೆಯುವುದು ವಿಜ್ಞಾನದ ಮಾಸಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಚರ್ಚಿಸತಕ್ಕದ್ದೇ ಎಂದು ನಮ್ಮ ಅಭಿಪ್ರಾಯ. ಮೂಡಿಗೆರೆಯಂಥ ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವವರು ವಿರಳ. ಔಷಧದ ಅಂಗಡಿಯಲ್ಲಿ ತಗ್ಗಿದ ದನಿಯಿಂದ ‘ಮುಖಕ್ಕೊಂದು ಕ್ರೀಮು’ ಎಂದು ಕೇಳಿ, ಕೊಟ್ಟದ್ದನ್ನು ಚೀಲದಲ್ಲಿ ಮರೆಮಾಡಿಕೊಂಡು ಬರುವುದೇ ಸುಲಭವೆಂದು ತೋರುತ್ತದೆ. ಅಪಾಯವಿರುವುದೂ ಅಲ್ಲಿಯೇ.

ಈ ಉದ್ದೇಶಕ್ಕೆಂದೇ ಪರೀಕ್ಷಿಸಲ್ಪಟ್ಟ ಮುಲಾಮೊಂದುಂಟು. ಅದರ ಸಾರದ್ರವ್ಯ ಎಫ್ಲಾರ್ನಿಥಿನ್. ಪ್ರಮಾಣ ನೂರಕ್ಕೆ 13.9. ಕೂದಲಿನ ಬುಡದ ಜೀವಕಣಗಳು ಬಹು ಶೀಘ್ರವಾಗಿ ವೃದ್ಧಿಯಾಗುತ್ತವೆ. ಆ ವೃದ್ಧಿಗೆ ಪಾಲಿಅಮೀನ್ ಎಂಬ ವಸ್ತುಗಳು ಬೇಕು. ಅವುಗಳ ತಯಾರಿಕೆಗೆ ಅಗತ್ಯವಾದ ಕಿಣ್ವವೊಂದಕ್ಕೆ ಎಫ್ಲಾರ್ನಿಥಿನ್ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೆ. ಇದ್ದ ಕೂದಲು ಉದುರುವುದಿಲ್ಲ. ಕಾಫಿತೋಟದಲ್ಲಿ ಕಂಬಚಿಗುರು ತೆಗೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಗೆದಷ್ಟೂ ಅದು ಮತ್ತೆ ಬರುತ್ತದೆ. ದಾರದಿಂದ ಕೂದಲು ಕೀಳಿಸುವುದೂ ಹಾಗೆಯೇ. ಮುಲಾಮು ಹಚ್ಚಿದರೆ ಕೀಳುವ ಕೆಲಸ ತಪ್ಪದು, ಅದರ ಸರದಿ ದೂರವಾಗುತ್ತದೆ. ದಿನಕ್ಕೆ ಎರಡು ಸಲ, 8 ಗಂಟೆಗಳಾದರೂ ಅಂತರವಿಟ್ಟು ಹಚ್ಚಬೇಕು. ಹಚ್ಚಿದ ಮೇಲೆ 4 ಗಂಟೆ ಮುಖ ತೊಳೆಯಬಾರದು. ಫಲ ಕಾಣಲು 4ರಿಂದ 8 ವಾರ ಬೇಕು. ನಿಲ್ಲಿಸಿದರೆ ಸುಮಾರು 8 ವಾರಗಳಲ್ಲಿ ಎಲ್ಲವೂ ಮೊದಲಿನಂತೆ. 24 ವಾರಗಳ ಪ್ರಯೋಗಗಳಲ್ಲಿ ಸ್ಪಷ್ಟ ಸುಧಾರಣೆ ಕಂಡುಬಂದದ್ದು ಮೂವರಲ್ಲಿ ಸುಮಾರು ಒಬ್ಬರಿಗೆ.

ಈ ದ್ರವ್ಯದ ಚರಿತ್ರೆಯನ್ನೂ ವಿದ್ಯಾರ್ಥಿಗಳು ಅರಿತಿರಬೇಕು. 1970ರ ದಶಕದ ಕೊನೆಯಲ್ಲಿ ಇದನ್ನು ಕಂಡುಹಿಡಿದವರ ಗುರಿ ಕ್ಯಾನ್ಸರ್ ಆಗಿತ್ತು. ಅಲ್ಲಿ ಎಣಿಸಿದಷ್ಟು ಫಲ ಸಿಗಲಿಲ್ಲ. ಆದರೆ ಆಫ್ರಿಕದಲ್ಲಿ ಟ್ಸೆಟ್ಸೆ ನೊಣದಿಂದ ಹರಡುವ ನಿದ್ರಾರೋಗದಲ್ಲಿ ಇದು ಸಾಯುವವರನ್ನು ಎಬ್ಬಿಸಿ ಕೂರಿಸಿತು. ಆಗ ಇದ್ದ ಇನ್ನೊಂದು ಮದ್ದು ಪಾಷಾಣದಿಂದಾದದ್ದು. ರೋಗಿಗಳಲ್ಲಿ ಕೆಲವರನ್ನು ಅದೇ ಬಲಿ ತೆಗೆದುಕೊಳ್ಳುತ್ತಿತ್ತು. 1990ರಲ್ಲಿ ಅಮೆರಿಕ ಎಫ್ಲಾರ್ನಿಥಿನ್ನನ್ನು ನಿದ್ರಾರೋಗಕ್ಕೆ ಅಂಗೀಕರಿಸಿತು. ಆದರೆ ಆ ರೋಗಿಗಳ ಕೈಯಲ್ಲಿ ಹಣವಿರಲಿಲ್ಲ. ಲಾಭ ಕಾಣದೆ ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತುಹೋಯಿತು. 2000ದಲ್ಲಿ ಅದೇ ದ್ರವ್ಯ ಮುಖದ ಕೂದಲಿನ ಮುಲಾಮಾಗಿ ಅಮೆರಿಕದ ಅಂಗಡಿಗಳಿಗೆ ಬಂದಿತು! ಇದನ್ನು ಖಂಡಿಸಿ ಕೂಗೆದ್ದ ಬಳಿಕ, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ನಿದ್ರಾರೋಗಿಗಳಿಗೆ ಉಚಿತವಾಗಿ ಒದಗಿಸಲು ತಯಾರಕರು ಒಪ್ಪಿದರು. ಇದನ್ನು ಕೇಳಿ, ಕೂದಲಿನ ಚಿಂತೆ ಬರಿಯ ಶೋಕಿಯೆಂದು ತೀರ್ಪು ಕೊಡುವವರ ಮಾತನ್ನು ನಾವು ಒಪ್ಪಲಾರೆವು. ತಪ್ಪು ಮಾರುಕಟ್ಟೆಯದು, ತರಗತಿಯಲ್ಲಿ ಅಂಗೈಯಿಂದ ಗದ್ದ ಮುಚ್ಚಿಕೊಂಡು ಕೂರುವ ಹುಡುಗಿಯದಲ್ಲ.

ಮೇಲೆ ಹಚ್ಚುವ ಮುಲಾಮಿಗೆ ವೈದ್ಯರ ಚೀಟಿ ಏತಕ್ಕೆಂದು ಕೇಳುವವರಿದ್ದಾರೆ. ಚೀಟಿ ಬೇಕಾದದ್ದು ಮುಲಾಮಿಗಿಂತ ಹೆಚ್ಚಾಗಿ ಕೂದಲಿನ ಸಲುವಾಗಿ. ಅದು ವಂಶದಿಂದ ಬಂದದ್ದಿರಬಹುದು, ಆಗ ಹೆದರಿಕೆಯಿಲ್ಲ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದು, ಮೊಡವೆ, ಮೈಭಾರಗಳೂ ಸೇರಿಕೊಂಡಿದ್ದರೆ ಅಂಡಾಶಯದ ಪಿ.ಸಿ.ಓ.ಎಸ್. ಎಂಬ ತೊಂದರೆಯಿರಬಹುದು, ಅದರ ಬೆನ್ನಿಗೆ ಸಿಹಿಮೂತ್ರ ರೋಗವೂ ಬರುವುದುಂಟು. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ದನಿಯೂ ಗಡುಸಾದರೆ ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಣ ಗ್ರಂಥಿಯಲ್ಲೋ ಗೆಡ್ಡೆಯಿರುವ ಸಂಭವವಿದೆ. ಅದಕ್ಕೆ ಒಂದು ವಾರವೂ ತಡಮಾಡಲಾಗದು. ಮುಲಾಮು ಇವಾವುದನ್ನೂ ಮುಟ್ಟುವುದಿಲ್ಲ, ಮರೆಮಾಡುತ್ತದೆ. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಹಚ್ಚಲೇಬಾರದು.

ಇನ್ನೊಂದು ಮಾತು. ಮುಖ ಬೆಳ್ಳಗಾಗಲೆಂದು ಹಚ್ಚುವ ಕ್ರೀಮುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೂದಲೂ ಬೆಳೆಯಬಹುದು. ಇಂಥ 14 ಸ್ಟೀರಾಯ್ಡುಗಳ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ವಿಧಿಸಿತು. ಕೂದಲು ಹೋಗಲೆಂದು ಕೇಳಿದವಳಿಗೆ ಕೂದಲು ಬೆಳೆಸುವ ಕೊಳವೆ ಸಿಕ್ಕರೆ ಏನೆನ್ನಬೇಕು?

ಚರ್ಮವೈದ್ಯರಿಗಾಗಿ 30 ಕಿಲೋಮೀಟರು ದೂರದ ಚಿಕ್ಕಮಗಳೂರಿಗೆ ಹೋಗುವುದು, ಮಳೆಗಾಲದಲ್ಲಿ ತೋಟದ ಲೈನಿನ ಹುಡುಗಿಗೆ ಒಂದು ದಿನದ ಕೂಲಿಯ ಮಾತು. ಆದರೆ ಮೊದಲ ವಿಚಾರಣೆಗೆ ತಾಲ್ಲೂಕು ಸರ್ಕಾರಿ ಆಸ್ಪತ್ರೆಯೇ ಸಾಕು. ಕೂದಲು ಯಾವಾಗ ತೊಡಗಿತು, ಮುಟ್ಟು ಸರಿಯಿದೆಯೆ, ಯಾವ ಮಾತ್ರೆ, ಯಾವ ಕ್ರೀಮು ಬಳಸಿದ್ದಾಯಿತು ಎಂಬುದನ್ನು ಬರೆದುಕೊಂಡು, ಖಾಲಿಯಾದ ಕೊಳವೆಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.