ರಕೂನ್ ನಗರಕ್ಕೆ ನುಗ್ಗಿದ ಕಳ್ಳನಲ್ಲ

ಟೊರಾಂಟೊದ ರಕೂನ್‌ಗಳು ಕಾಡು ಬಿಟ್ಟು ಊರಿಗೆ ನುಗ್ಗಿದ ಕಳ್ಳರು, ಅವನ್ನು ಬೋನಿನಲ್ಲಿ ಹಿಡಿದು ದೂರ ಸಾಗಿಸಬೇಕು ಎಂದು ಪ್ರಕಟವಾಗಿರುವ ಅಭಿಪ್ರಾಯಕ್ಕೆ ಬುಡವೇ ಇಲ್ಲ. ರಕೂನ್ ಉತ್ತರ ಅಮೆರಿಕದ್ದೇ ಪ್ರಾಣಿ. ನಗರ ಎದ್ದದ್ದು ಅದರ ನೆಲದ ಮೇಲೆ. ಮರದ ಪೊಟರೆ ಹೋದಲ್ಲಿ ಅದು ಅಟ್ಟ, ಚಿಮಣಿಗಳನ್ನು ಹಿಡಿಯಿತು. ಅದರ ಮಿದುಳಿನಲ್ಲಿ ಸ್ಪರ್ಶವನ್ನು ಗ್ರಹಿಸುವ ಭಾಗದ ಬಹುಪಾಲು ಮುಂಗಾಲುಗಳಿಗೇ ಮೀಸಲು. ತೊರೆಯ ಕಲ್ಲಿನಡಿ ತಡಕಿ ಆಹಾರ ಹುಡುಕುತ್ತಿದ್ದ ಆ ಬೆರಳುಗಳೇ ಈಗ ಕತ್ತಲಲ್ಲಿ ಕಸದ ಡಬ್ಬಿಯ ಮುಚ್ಚಳ ತೆಗೆಯುತ್ತವೆ. ಕಸುಬು ಹಳೆಯದು, ಕಳ್ಳತನವಲ್ಲ.

ದೂರ ಸಾಗಿಸುವುದಂತೂ ಪರಿಹಾರದ ವೇಷ ತೊಟ್ಟ ಕ್ರೌರ್ಯ. ವಸಂತದಲ್ಲಿ ತಾಯಿಯನ್ನು ಒಯ್ದರೆ ಅಟ್ಟದಲ್ಲಿ ಉಳಿದ ಮರಿಗಳು ಹಸಿದು ಸಾಯುತ್ತವೆ; ತೆರವಾದ ಜಾಗಕ್ಕೆ ಇನ್ನೊಂದು ರಕೂನ್ ಬರುತ್ತದೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ನಿಯಮವೂ ಹಿಡಿದ ಪ್ರಾಣಿಯನ್ನು 1 ಕಿ.ಮೀ. ಒಳಗೇ ಬಿಡಬೇಕೆನ್ನುತ್ತದೆ.

ರೋಗದ ಭಯ ಮಾತ್ರ ನಿಜ: ರೇಬಿಸ್ ಇದೆ, ಮಲದಲ್ಲಿ ದುಂಡುಹುಳುವಿನ ಮೊಟ್ಟೆಗಳಿರಬಹುದು. ಅದಕ್ಕೆ ಮದ್ದು ಲಸಿಕೆ ತುಂಬಿದ ತುತ್ತು, 2016ರಿಂದ ನಗರಾಡಳಿತ ಹಂಚಿದಂಥ ಚಿಲಕದ ಹಸಿಕಸದ ಡಬ್ಬಿ, ಮತ್ತು ಮರಿಗಳು ತಾಯಿಯೊಡನೆ ಹೊರಬಿದ್ದ ಮೇಲೆ ಸೂರಿನ ಕಿಂಡಿಗೆ ಬಡಿಯುವ ಗಟ್ಟಿ ತಂತಿಜಾಲರಿ.