ಬನ್ನಿ ಮರದ ಗಂಟು ಇಳಿಸೋರು ಯಾರು?

ಗೆಳೆಯಾ, ಮೊದಲೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಕಂಪ್ಯೂಟರ್ ಆಟದಲ್ಲಿ ಅಡಗಿಸಿಟ್ಟ ನಿಧಿಯನ್ನು ನೀನು ಹುಡುಕುವುದು ಬುದ್ಧಿಯಿಂದಲೋ, ಬೆರಳಿನಿಂದಲೋ?

ಸಿಟ್ಟಾಗಬೇಡ. ಕೇಳುವುದಕ್ಕೆ ಕಾರಣವಿದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಇಂಜಿನಿಯರಿಂಗ್ ಓದುವ ಹುಡುಗರು ಬಾಡಿಗೆಗಿದ್ದಾರೆ. ದೀಪಾವಳಿ ರಜೆಗೆ ಅವರಲ್ಲೊಬ್ಬನ ತಮ್ಮ ಹಳ್ಳಿಯಿಂದ ಬಂದಿದ್ದ. ಒಂಬತ್ತನೇ ಇಯತ್ತೆ, ಕನ್ನಡ ಶಾಲೆ. ಅಣ್ಣನ ಲ್ಯಾಪ್‌ಟಾಪಿನಲ್ಲಿ ‘ಬಾಲ್ಡರ್ಸ್ ಗೇಟ್ 3’ ಆಡುತ್ತಿದ್ದ. ಎಡಗೈ ಹೆಬ್ಬೆರಳು ಒಂದು ಕೀಲಿಯ ಮೇಲೆ ಅಂಟಿಕೊಂಡಂತೆ ಕೂತಿತ್ತು.

‘ಅದೇನ್ ಒತ್ತಾಕತ್ತೀಯೋ ತಮ್ಮಾ?’ ಅಂದೆ.

‘ಕಾಕಾ, ಇದನ್ನ ಒತ್ತಿ ಹಿಡಿದ್ರ ನೆಲದ ಮ್ಯಾಲ ಬಿದ್ದ ಸಾಮಾನಿನ ಹೆಸರೆಲ್ಲಾ ಕಾಣಸ್ತಾವ್ರಿ. ಕಂಡಿದ್ದನ್ನ ಎತ್ಕೊಂಡು ಹೋಗೂದು.’

‘ಮತ್ತ ಆ ಮೇಜಿನ ಮ್ಯಾಲ ಪತ್ರ ಐತಲ್ಲ, ಅದರಾಗ ಏನ್ ಬರದೈತಿ?’

‘ಅದು ಇಂಗ್ಲಿಷ್ ಐತ್ರಿ. ಅದನ್ನ ಓದೂದಿಲ್ಲ.’

ಓದೂದಿಲ್ಲ! ಹುಡುಗ ದಡ್ಡನಲ್ಲ. ಅವನ ಕಣ್ಣು ಹದ್ದಿನ ಕಣ್ಣು. ಆದರೆ ಆ ಪತ್ರದಲ್ಲೇ ಸುಳಿವು ಇರಬಹುದು. ಯಾವ ಗೋಡೆಯ ಹಿಂದೆ ಕೋಣೆ ಇದೆ, ಯಾವ ಕಾವಲುಗಾರ ಯಾವಾಗ ಮಲಗುತ್ತಾನೆ ಅನ್ನೋದು ಇಂಥ ಆಟಗಳಲ್ಲಿ ಮಾತಿನಲ್ಲಿ, ಕಾಗದದಲ್ಲಿ, ಪುಸ್ತಕದಲ್ಲಿ ಬಚ್ಚಿಟ್ಟಿರುತ್ತದೆ. ಆ ಹುಡುಗನಿಗೆ ಆಟದೊಳಗೆ ಅಡಗಿ ಕೂತ ಮೊದಲ ವಸ್ತು ನಿಧಿಯಲ್ಲ, ಭಾಷೆ. ಅದನ್ನು ತೋರಿಸುವ ಕೀಲಿ ಮಾತ್ರ ಕೀಬೋರ್ಡಿನಲ್ಲಿಲ್ಲ.

ಈ ಜಾತಿಯ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರೋಲ್ ಪ್ಲೇಯಿಂಗ್ ಗೇಮ್ ಅಂದರೆ ಕಥೆಯೊಳಗೆ ವೇಷ ಕಟ್ಟಿ ಆಡುವ ಆಟ. ಒಬ್ಬನೇ ಅಲ್ಲ, ಒಂದು ತಂಡ. ಇಂಗ್ಲಿಷಿನಲ್ಲಿ ಇದಕ್ಕೆ ‘ಪಾರ್ಟಿ’ ಅನ್ನುತ್ತಾರೆ. ನಮ್ಮ ರಾಜಕೀಯದ ಪಾರ್ಟಿ ಅಂದುಕೊಳ್ಳಬೇಡ. ಅಲ್ಲಿ ಕದ್ದವರು ಅಡಗುವ ಅಗತ್ಯವೇ ಇಲ್ಲ! ಈ ತಂಡದಲ್ಲಿ ಒಬ್ಬ ಕತ್ತಿಯವ, ಒಬ್ಬ ಮಂತ್ರದವ, ಒಬ್ಬ ಗಾಯ ಮಾಯಿಸುವವ, ಒಬ್ಬ ಕಳ್ಳ. ಕಳ್ಳನ ಕೆಲಸ ಎರಡು: ಕಳ್ಳಹೆಜ್ಜೆ ಇಡುವುದು, ಅಡಗಿದ್ದನ್ನು ಕಾಣುವುದು.

1998ರ ಡಿಸೆಂಬರಿನಲ್ಲಿ ಕೆನಡಾದ ಬಯೋವೇರ್ ಕಂಪನಿಯವರ ಮೊದಲ ‘ಬಾಲ್ಡರ್ಸ್ ಗೇಟ್’ ಬಂತು. ತಂಡದಲ್ಲಿ ಆರು ಜನ. ಕಳ್ಳನಿಗೆ ನೆರಳಿನಲ್ಲಿ ಅಡಗುವ ವಿದ್ಯೆ ಒಂದು, ಬಲೆ ಪತ್ತೆಹಚ್ಚುವ ವಿದ್ಯೆ ಇನ್ನೊಂದು. ಅಡಗಿ ಬಂದು ಬೆನ್ನಿಗೆ ಇರಿದರೆ ಪೆಟ್ಟು ಹಲವು ಪಟ್ಟು. ಬಲೆ ಕಂಡರೆ ಆ ಜಾಗ ಕೆಂಪಗೆ ಹೊಳೆಯುತ್ತಿತ್ತು. ಚೆಂದದ ಆಟ, ಸುಳ್ಳಲ್ಲ. ಆದರೆ ಒಂದು ದೊಡ್ಡ ಅನ್ಯಾಯವೂ ಅದರಲ್ಲಿತ್ತು. ನ್ಯಾಷ್‌ಕೆಲ್ ಅನ್ನೋ ಊರಿನ ಹೊಲದಲ್ಲಿ ಒಳ್ಳೆಯ ಕವಚವೊಂದನ್ನು ಹೂತಿಟ್ಟಿದ್ದರು. ಅದನ್ನು ಮುಟ್ಟುವ ಜಾಗ ಪರದೆಯ ಮೇಲೆ ಸಾಸಿವೆಯಷ್ಟು. ಇಡೀ ಹೊಲದ ಮೇಲೆ ಮೌಸ್ ಓಡಿಸಿ, ಕುಂಟೆ ಹೊಡೆದ ಹಾಗೆ ತಿರುಗಬೇಕು. ಇದು ಹುಡುಕಾಟವಲ್ಲ, ಕೂಲಿ ಕೆಲಸ.

ಆ ಕೂಲಿಗೆ ಬೇಸತ್ತವರಿಗಾಗಿಯೇ ಆಮೇಲಿನ ಆಟಗಳಲ್ಲಿ ಒಂದು ಕೀಲಿ ಬಂತು. ಒತ್ತಿದರೆ ಎತ್ತಿಕೊಳ್ಳಬಹುದಾದ್ದೆಲ್ಲ ಕಾಣುತ್ತದೆ. ಕೂಲಿ ತಪ್ಪಿತು, ನಿಜ. ಜೊತೆಗೆ ಹುಡುಕುವ ಮಜವೂ ತಪ್ಪಿತು. ಒಂದು ಕಡೆ ಸುಳಿವೇ ಕೊಡದೆ ಹೂತಿಡುವುದು, ಇನ್ನೊಂದು ಕಡೆ ಸುಳಿವೇ ಬೇಡವೆನ್ನುವ ಹಾಗೆ ಎಲ್ಲವನ್ನೂ ತೋರಿಸಿಬಿಡುವುದು. ನನ್ನ ಪ್ರಕಾರ ಎರಡೂ ತಪ್ಪು. ಬಚ್ಚಿಡಬೇಕು, ಸುಳಿವು ಕೊಡಬೇಕು, ಆ ಸುಳಿವು ಮಾತಿನಲ್ಲಿರಬೇಕು. ಆಡುವವನು ಮಾತು ಕೇಳಿ, ಓದಿ, ಯೋಚಿಸಿ, ‘ಓ, ಇಲ್ಲೈತಿ!’ ಅನ್ನಬೇಕು. ಹುಡುಕಾಟ ಅಂದರೆ ಅದು.

ಕಳ್ಳಹೆಜ್ಜೆಯ ಕಥೆಯೂ ಸುಲಭದ್ದಲ್ಲ. ಒಬ್ಬ ಅಡಗುವುದು ಸರಳ, ಒಂದು ತಂಡ ಅಡಗುವುದು ಕಷ್ಟ. ಐದು ಜನ ಮಂಜಿನ ಹಾಗೆ ನಡೆದರೂ ಆರನೆಯವನ ಕಬ್ಬಿಣದ ಬೂಟು ಸಪ್ಪಳ ಮಾಡಿದರೆ ಎಲ್ಲ ಮುಗಿಯಿತು. 2014ರ ‘ಡಿವಿನಿಟಿ: ಒರಿಜಿನಲ್ ಸಿನ್’ ಆಟದಲ್ಲಿ ಅಡಗುವವರು ಪೊದೆಯ ವೇಷ ಹಾಕಿ ತೆವಳುತ್ತಾರೆ, ನೋಡಿದರೆ ನಗು ಬರುತ್ತದೆ. 2015ರ ‘ಪಿಲ್ಲರ್ಸ್ ಆಫ್ ಇಟರ್ನಿಟಿ’ಯವರು ಅಡಗುವುದನ್ನೂ ಹುಡುಕುವುದನ್ನೂ ಒಂದೇ ಗುಂಡಿಗೆ ಕಟ್ಟಿದರು. ಗುಂಡಿ ಒತ್ತಿದರೆ ಇಡೀ ತಂಡ ಮೆಲ್ಲಗೆ ನಡೆಯುತ್ತದೆ, ನಡೆಯುತ್ತಲೇ ಬಲೆಗಳನ್ನೂ ಗುಪ್ತ ವಸ್ತುಗಳನ್ನೂ ಕಾಣುತ್ತದೆ. ಮೊದಲು ತಂಡವೆಲ್ಲ ಒಟ್ಟಿಗೇ ಅಡಗಬೇಕಿತ್ತು. ಆಡುವವರು ಗೊಣಗಿದರು. ಅದೇ ವರ್ಷ ಆಟವನ್ನು ತಿದ್ದಿ, ಒಬ್ಬೊಬ್ಬರೇ ಅಡಗುವ ಹಾಗೆ ಮಾಡಿದರು.

2023ರ ‘ಬಾಲ್ಡರ್ಸ್ ಗೇಟ್ 3’ ಬೆಲ್ಜಿಯಂನ ಲೇರಿಯನ್ ಕಂಪನಿಯದು. ತಂಡದಲ್ಲಿ ನಾಲ್ವರು. ಶತ್ರುವಿನ ಕಣ್ಣು ಎಲ್ಲಿಯವರೆಗೆ ಹಾಯುತ್ತದೆ ಅನ್ನುವುದನ್ನು ನೆಲದ ಮೇಲೆ ಕೆಂಪು ಬಣ್ಣದಲ್ಲಿ ತೋರಿಸುತ್ತಾರೆ. ಅಡಗಿದ ವಸ್ತುವಿನ ಹತ್ತಿರ ಹೋದರೆ ತಂಡದವರ ಚುರುಕುಗಣ್ಣಿಗೆ ದಾಳ ತಾನಾಗಿಯೇ ಉರುಳುತ್ತದೆ. ಗೆದ್ದರೆ ಕಾಣುತ್ತದೆ. ಸೋತರೆ, ಸೋತೆ ಅನ್ನುವುದೂ ತಲೆಯ ಮೇಲೆ ಕಾಣುತ್ತದೆ. ಅಂದರೆ ‘ಇಲ್ಲೇನೋ ಇದೆ, ನಿನಗೆ ಕಾಣಲಿಲ್ಲ’ ಎಂದು ಆಟವೇ ಚಾಡಿ ಹೇಳಿದ ಹಾಗೆ! ಕಣ್ಣಾಮುಚ್ಚಾಲೆಯಲ್ಲಿ ಅಡಗಿದವನೇ ಕೆಮ್ಮಿದಂತೆ.

ಈಗ ಹೇಳು ಗೆಳೆಯಾ. ತಂಡವಾಗಿ ಅಡಗುವುದು, ಆಯುಧ ಬಚ್ಚಿಡುವುದು, ಒಬ್ಬನ ಸಪ್ಪಳದಿಂದ ಎಲ್ಲರೂ ಸಿಕ್ಕಿಬೀಳುವ ಭಯ... ಇದನ್ನೆಲ್ಲ ಎಲ್ಲೋ ಕೇಳಿದ್ದೀಯಲ್ಲ?

ಕೇಳದೆ ಏನು! ನಿನ್ನಜ್ಜಿ ಹೇಳಿದ್ದಾಳೆ. ಊರ ಗುಡಿಯಲ್ಲಿ ಮಳೆ ಬರಲಿ ಎಂದು ಓದಿಸಿದ್ದಾರೆ. ವಿರಾಟಪರ್ವ!

ಆಟ ಆಡುವವನ ಕಣ್ಣಿನಿಂದ ಒಮ್ಮೆ ನೋಡು. ತಂಡದಲ್ಲಿ ಆರು ಜನ, ‘ಬಾಲ್ಡರ್ಸ್ ಗೇಟ್’ನಷ್ಟೇ. ನಿಯಮ: ಹದಿಮೂರನೆಯ ವರ್ಷ ಪೂರ್ತಿ ಯಾರಿಗೂ ಗುರುತು ಸಿಗಬಾರದು. ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಒಬ್ಬೊಬ್ಬರಿಗೂ ಅವರವರ ವಿದ್ಯೆಗೆ ತಕ್ಕ ವೇಷ. ಧರ್ಮರಾಯ ದಾಳ ಹಿಡಿದ ಕಂಕ, ಭೀಮ ಸೌಟು ಹಿಡಿದ ವಲಲ, ಅರ್ಜುನ ಕುಣಿತ ಕಲಿಸುವ ಬೃಹನ್ನಳೆ, ನಕುಲ ಕುದುರೆ ಲಾಯಕ್ಕೆ, ಸಹದೇವ ದನದ ಕೊಟ್ಟಿಗೆಗೆ, ದ್ರೌಪದಿ ರಾಣಿಯ ಸೈರಂಧ್ರಿ. ತಮ್ಮೊಳಗೆ ಕರೆದುಕೊಳ್ಳಲು ಜಯ, ಜಯಂತ, ವಿಜಯ ಅಂತ ಗುಟ್ಟಿನ ಹೆಸರುಗಳು ಬೇರೆ! ಆಯುಧಗಳನ್ನೆಲ್ಲ ಗಂಟು ಕಟ್ಟಿ ಸ್ಮಶಾನದ ಹತ್ತಿರದ ಬನ್ನಿ ಮರದ ಮೇಲೆ ಇಟ್ಟರು. ಪಕ್ಕದಲ್ಲಿ ಒಂದು ಹೆಣ ನೇತುಹಾಕಿದರು. ಯಾರೂ ಹತ್ತಿರ ಸುಳಿಯಲಿಲ್ಲ. ವಸ್ತು ಬಚ್ಚಿಡುವ ಕಲೆ ಅಂದರೆ ಇದು. ಕಣ್ಣೆದುರಿಗೇ ಇದೆ, ಆದರೆ ನೋಡುವ ಧೈರ್ಯ ಯಾರಿಗೂ ಇಲ್ಲ.

ಸಪ್ಪಳ ಆಗಿದ್ದು ಎಲ್ಲಿ? ಕೀಚಕ ಕೈ ಹಾಕಿದ. ದ್ರೌಪದಿ ಅಡುಗೆಮನೆಗೆ ಬಂದಳು. ಭೀಮ ಕತ್ತಲಲ್ಲಿ ನಾಟ್ಯಶಾಲೆಯಲ್ಲಿ ಹೊಂಚು ಹಾಕಿ ಕೊಂದ. ಗಂಧರ್ವರು ಕೊಂದರು ಅಂತ ಕಥೆ ಕಟ್ಟಿದರು. ಊರು ನಂಬಿತು, ಹಸ್ತಿನಾವತಿ ನಂಬಲಿಲ್ಲ. ಅತ್ತ ಗೂಢಚಾರರು ಊರೂರು ಸುತ್ತಿ ಬರಿಗೈಲಿ ಬಂದಾಗ ಭೀಷ್ಮ ಏನಂದ? ಧರ್ಮರಾಯ ಇರುವ ನಾಡಿನಲ್ಲಿ ಸಕಾಲಕ್ಕೆ ಮಳೆ, ತುಂಬಿದ ದನಕರು, ಜನರಿಗೆ ನೆಮ್ಮದಿ; ಅದೇ ಗುರುತು ಅಂದ. ಮನುಷ್ಯ ಅಡಗಬಹುದು, ಅವನ ಒಳ್ಳೆಯತನ ಅಡಗುವುದಿಲ್ಲ! ಇಂಥ ಸುಳಿವನ್ನು ಕೆನಡಾದವರೂ ಬೆಲ್ಜಿಯಂನವರೂ ಕನಸಿನಲ್ಲೂ ಕಂಡಿಲ್ಲ.

ಇದು ದೂರದ ದೇಶದ ಕಥೆಯೂ ಅಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲೇ ಆ ವಿರಾಟನಗರ ಎಂದು ಜನ ಇವತ್ತಿಗೂ ಹೇಳುತ್ತಾರೆ. ಇದನ್ನು ಕನ್ನಡದಲ್ಲಿ ಹಾಡಿದ ಕುಮಾರವ್ಯಾಸನ ಊರು ಕೋಳಿವಾಡ, ನಮ್ಮ ಹುಬ್ಬಳ್ಳಿ ತಾಲೂಕಿನದು. ವಿಜಯದಶಮಿಯ ಸಂಜೆ ನೀನು ಬನ್ನಿ ಎಲೆಯನ್ನು ‘ಬಂಗಾರ’ ಅಂತ ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತೀಯಲ್ಲ, ಆ ಮರ ಇದೇ ಮರ. ಇಷ್ಟೆಲ್ಲ ಇಟ್ಟುಕೊಂಡು ನಾವು ಮಾಡುತ್ತಿರುವುದೇನು? ಪರಭಾಷೆಯ ಆಟದಲ್ಲಿ ಕೀಲಿ ಒತ್ತಿ, ಕಂಡಿದ್ದನ್ನು ಎತ್ತಿಕೊಳ್ಳುತ್ತಿದ್ದೇವೆ!

‘ನಮ್ಮ ಮಾರ್ಕೆಟ್ ಚಿಕ್ಕದು ಸಾರ್’ ಅನ್ನುವ ಬುದ್ಧಿವಂತರಿದ್ದಾರೆ. ಅವರಿಗೊಂದು ಲೆಕ್ಕ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಪೋಲೆಂಡ್ ದೇಶದ ಇಡೀ ಜನಸಂಖ್ಯೆ 4 ಕೋಟಿಗೂ ಕಡಿಮೆ. ‘ಬಾಲ್ಡರ್ಸ್ ಗೇಟ್ 3’ರ ಭಾಷೆಗಳ ಪಟ್ಟಿಯಲ್ಲಿ ಪೋಲಿಷ್ ಇದೆ, ಟರ್ಕಿಷ್ ಇದೆ, ಉಕ್ರೇನಿಯನ್ ಇದೆ. ಕನ್ನಡ ಇಲ್ಲ. ಯಾಕೆ? ಪೋಲಿಷರು ಕೇಳಿದರು, ಮಾಡಿದರು. ನಾವು ಕೇಳಲೂ ಇಲ್ಲ, ಮಾಡಲೂ ಇಲ್ಲ.

ಮಾಡಿದ್ದು ಹೇಗೆ ಅಂತ ಕೇಳು. ಸಿ.ಡಿ. ಪ್ರೊಜೆಕ್ಟ್ ಅನ್ನುವ ಪೋಲಿಷ್ ಕಂಪನಿ 1994ರಲ್ಲಿ ಹುಟ್ಟಿದ್ದು ಹೊರದೇಶದ ಆಟದ ಸಿ.ಡಿ. ಮಾರುವುದಕ್ಕೆ. 1999ರಲ್ಲಿ ಅವರು ಮೊದಲ ‘ಬಾಲ್ಡರ್ಸ್ ಗೇಟ್’ನ ಮಾತನ್ನೆಲ್ಲ ತಮ್ಮ ಭಾಷೆಗೆ ತಂದರು. ತಮ್ಮ ನಾಡಿನ ಹೆಸರಾಂತ ನಟರಿಂದ ದನಿ ಕೊಡಿಸಿದರು. ಕಳ್ಳ ಸಿ.ಡಿ. ತುಂಬಿದ ಸಂತೆಯಲ್ಲಿ ಜನ ದುಡ್ಡು ಕೊಟ್ಟು ಕೊಂಡರು. ಆ ಧೈರ್ಯದ ಮೇಲೆ 2007ರಲ್ಲಿ ತಮ್ಮದೇ ಲೇಖಕ ಸಪ್ಕೋವ್‌ಸ್ಕಿಯ ಕಥೆಗಳಿಂದ ‘ದಿ ವಿಚರ್’ ಆಟ ಮಾಡಿದರು. ಅದಕ್ಕೆ ಬಳಸಿದ ಎಂಜಿನ್ ಯಾರದು ಗೊತ್ತೇ? ಅದೇ ಬಯೋವೇರ್‌ನವರದು! ಅನುವಾದದಿಂದ ಶುರುಮಾಡಿದವರು ಜಗತ್ತಿಗೇ ಆಟ ಮಾರಿದರು. ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳವಾಡಿದ ನಾವು ಈ ಪಾಠವನ್ನು ನಿಧಾನವಾಗಿ ಓದಬೇಕು.

ಕಷ್ಟ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಲಿಪಿ ಇಂಗ್ಲಿಷಿನ ಹಾಗೆ ಸಾಲಾಗಿ ನಿಲ್ಲುವುದಿಲ್ಲ. ಒತ್ತು ಕೆಳಗೆ ಇಳಿಯಬೇಕು, ಗುಣಿತ ಮೇಲೆ ಏರಬೇಕು. ಅದು ತಿಳಿಯದ ಎಂಜಿನ್‌ನಲ್ಲಿ ‘ಸ್ತ್ರೀ’ ಅನ್ನುವ ಅಕ್ಷರ ಮುರಿದು ಮೂರು ಚೂರಾಗುತ್ತದೆ. ಹಳೆಯ ಎಂಜಿನ್‌ಗಳ ರೋಗವೇ ಇದು. ಆದರೆ ಔಷಧ ಬಂದಿದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಗೋಡೋ ಎಂಜಿನ್‌ನ 4ನೇ ಆವೃತ್ತಿ 2023ರಲ್ಲಿ ಬಂತು. ಇಂಥ ಕೂಡಕ್ಷರದ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಅದರೊಳಗೇ ಇದೆ. ಇನ್ನೊಂದು ಮಾತು ನೆನಪಿಡು. ಮೊದಲ ‘ಬಾಲ್ಡರ್ಸ್ ಗೇಟ್’ ಬಂದ 1998ರಲ್ಲೇ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವೂ ಬಂತು. ದೊಡ್ಡ ಕಂಪನಿ ಬಂದು ಮಾಡಲಿ ಅಂತ ಅವರು ಕಾಯಲಿಲ್ಲ. ಇವತ್ತು ಎಷ್ಟೋ ಕನ್ನಡಿಗರು ಕಂಪ್ಯೂಟರಿನಲ್ಲಿ ಮೊದಲು ಕನ್ನಡ ಬರೆದದ್ದು ಅದರಿಂದಲೇ.

ಹಾಗಾದರೆ ನೀನೇನು ಮಾಡಬೇಕು? ಮೂರು ಕೆಲಸ.

ಒಂದು, ಕೇಳು. ಆಟ ಕೊಂಡ ಪ್ರತಿಯೊಬ್ಬನೂ ಕಂಪನಿಗೆ ಒಂದು ಸಾಲು ಬರೆಯಲಿ: ‘ಕನ್ನಡ ಎಲ್ಲಿ?’ ಕಾಸು ಕೊಟ್ಟವನಿಗೆ ಕೇಳುವ ಹಕ್ಕಿದೆ. ಬೈಗುಳ ಬೇಡ, ಕಲ್ಲು ಬೇಡ. ಸಾವಿರ ಪತ್ರ ಸಾಕು.

ಎರಡು, ಪದ ಕಟ್ಟು. ಈ ಲೇಖನದಲ್ಲಿ ನಾನು ‘ಸ್ಟೆಲ್ತ್’ ಅನ್ನಲೇ ಇಲ್ಲ, ‘ಕಳ್ಳಹೆಜ್ಜೆ’ ಅಂದೆ. ನಿನಗೆ ಅರ್ಥವಾಗಲಿಲ್ಲವೇ? ‘ಚುರುಕುಗಣ್ಣು’, ‘ಹೊಂಚು’, ‘ಸುಳಿವು’, ‘ಸಪ್ಪಳ’ ಎಲ್ಲ ನಮ್ಮ ಮನೆಯ ಮಾತುಗಳೇ. ಇಂಥ ಇನ್ನೂರು ಪದಗಳ ಪಟ್ಟಿ ಮಾಡಲು ಎರಡು ಭಾನುವಾರ ಸಾಕು. 1890ರಿಂದ ಕನ್ನಡಕ್ಕಾಗಿ ನಿಂತಿರುವ ಕರ್ನಾಟಕ ವಿದ್ಯಾವರ್ಧಕ ಸಂಘ ಪಕ್ಕದ ಧಾರವಾಡದಲ್ಲೇ ಇದೆ. ಹೋಗಿ ಹಿರಿಯರ ಎದುರು ಕೂತು ಪಟ್ಟಿ ತೋರಿಸು. ಅವರಿಗೆ ಆಟ ಗೊತ್ತಿಲ್ಲದಿರಬಹುದು, ಮಾತು ಗೊತ್ತು.

ಮೂರು, ಚಿಕ್ಕದಾಗಿ ಮಾಡು. ಇದೇ ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಭೂಮರಡ್ಡಿ ಕಾಲೇಜು 2015ರಿಂದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಕೋಡ್ ಬರೆಯುವ ಹುಡುಗ ಹುಡುಗಿಯರಿಗೆ ಇಲ್ಲಿ ಬರವಿಲ್ಲ. ನಾಲ್ಕು ಜನ ಸೇರಿ. ಇಡೀ ಭಾರತ ಬೇಡ, ಅಜ್ಞಾತವಾಸದ ಒಂದು ರಾತ್ರಿ ಸಾಕು. ಒಂದು ಅಡುಗೆಮನೆ, ಒಂದು ನಾಟ್ಯಶಾಲೆ, ನಡುವೆ ಕಾವಲುಗಾರರು. ಭೀಮನನ್ನು ಸಪ್ಪಳವಿಲ್ಲದೆ ದಾಟಿಸಬೇಕು. ಕಾವಲುಗಾರರು ನಮ್ಮ ಹುಬ್ಬಳ್ಳಿ ಮಾತಿನಲ್ಲಿ ಹರಟೆ ಹೊಡೆಯಲಿ, ಆ ಹರಟೆಯಲ್ಲೇ ಸುಳಿವಿರಲಿ. ಎಲ್ಲವನ್ನೂ ತೋರಿಸಿಬಿಡುವ ಆ ಕೀಲಿಯನ್ನು ಮಾತ್ರ ಇಡಬೇಡಿ.

ರಜೆ ಮುಗಿಸಿ ಊರಿಗೆ ಹೊರಟ ಆ ಹುಡುಗನಿಗೆ ಬಸ್ ಸ್ಟಾಪಿನಲ್ಲಿ ಕೇಳಿದೆ: ‘ತಮ್ಮಾ, ಆ ಆಟ ಕನ್ನಡದಾಗ ಇದ್ದಿದ್ರ ಪತ್ರ ಓದತಿದ್ಯೇನು?’

ಅವನು ನನ್ನನ್ನೇ ದಡ್ಡನನ್ನು ನೋಡಿದ ಹಾಗೆ ನೋಡಿ ಅಂದ: ‘ಇದೇನ್ ಕೇಳ್ತೀರಿ ಕಾಕಾ! ಕನ್ನಡ ಇದ್ದಿದ್ರ ಯಾರ್ ಓದೂದಿಲ್ರಿ?’

ಗೆಳೆಯಾ, ಆ ಹುಡುಗನಿಗೆ ನೀನು ಏನು ಉತ್ತರ ಕೊಡುತ್ತೀ? ಅರ್ಜುನ ಕೂಡ ಗಾಂಡೀವವನ್ನು ಮರದ ಮೇಲೆ ಇಟ್ಟಿದ್ದು ಒಂದು ವರ್ಷಕ್ಕೆ ಮಾತ್ರ. ಹೊತ್ತು ಬಂದಾಗ ಇಳಿಸಿಕೊಂಡ. ನಮ್ಮ ಗಂಟು ಇನ್ನೂ ಮೇಲೆಯೇ ಇದೆ. ಏಣಿ ತಾ, ನಾನು ಹಿಡಿದುಕೊಳ್ಳುತ್ತೇನೆ.