ರೋಗಲಕ್ಷಣಗಳ ವರ್ಗೀಕರಣ: ಯಾದಗಿರಿಯ ಲೆಕ್ಕ ಯಾವ ಗುಂಪಿನಲ್ಲಿದೆ?

ಯಾದಗಿರಿ: ನೆರೆಯ ಕಲಬುರಗಿಯಲ್ಲಿ 2020ರ ಮಾರ್ಚ್ 10ರಂದು ದೇಶದ ಮೊದಲ ಕೊರೊನಾ ಸಾವು ಸಂಭವಿಸಿದರೂ, ಯಾದಗಿರಿ ಜಿಲ್ಲೆಯಲ್ಲಿ ಮೇ ತಿಂಗಳ ಎರಡನೇ ವಾರದವರೆಗೆ ಒಂದೂ ಪ್ರಕರಣ ದಾಖಲಾಗಿರಲಿಲ್ಲ. ಆ ಬಳಿಕ ದುಡಿಮೆ ಅರಸಿ ಮಹಾರಾಷ್ಟ್ರ, ಗುಜರಾತ್‌ಗಳಿಗೆ ಗುಳೆ ಹೋಗಿದ್ದ ಜನ ಊರಿಗೆ ಮರಳಲಾರಂಭಿಸಿದರು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಶಾಲೆ, ವಸತಿ ನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ಜ್ವರವಿದೆಯೇ, ಕೆಮ್ಮಿದೆಯೇ, ಉಸಿರಾಟಕ್ಕೆ ತೊಂದರೆಯಿದೆಯೇ ಎಂಬ ಮೂರು ಪ್ರಶ್ನೆಗಳ ಮೇಲೆಯೇ ತಪಾಸಣೆಯ ಬಹುಭಾಗ ನಿಂತಿತ್ತು. ಸೋಂಕು ದೃಢಪಟ್ಟ ಅನೇಕರಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ಅದೇ ಬೇಸಿಗೆಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಬೇರೊಂದು ದಾರಿ ಹಿಡಿದಿದ್ದರು. ಮೊಬೈಲ್ ಆ್ಯಪ್ ಒಂದರಲ್ಲಿ ಪ್ರತಿದಿನ ತಮ್ಮ ಆರೋಗ್ಯಸ್ಥಿತಿ ದಾಖಲಿಸುತ್ತಿದ್ದ, ಸೋಂಕು ದೃಢಪಟ್ಟ ಸುಮಾರು 1,600 ಮಂದಿ ಬ್ರಿಟಿಷ್ ಹಾಗೂ ಅಮೆರಿಕನ್ನರ ಮಾಹಿತಿಯನ್ನು ಅವರು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದರು. ಲಕ್ಷಣಗಳು ಬಿಡಿಬಿಡಿಯಾಗಿರದೆ ಆರು ಗುಂಪುಗಳಾಗಿ ಬರುತ್ತವೆ ಎಂಬುದು 2020ರ ಜುಲೈನಲ್ಲಿ ಅವರು ಪ್ರಕಟಿಸಿದ ನಿಷ್ಕರ್ಷೆ. ಜ್ವರವಿಲ್ಲದ ಫ್ಲೂ ಮಾದರಿಯ ಮೊದಲ ಗುಂಪಿನಲ್ಲಿ ಉಸಿರಾಟಕ್ಕೆ ನೆರವು ಬೇಕಾದವರು ಶೇ. 1.5 ಮಾತ್ರ. ಹೊಟ್ಟೆನೋವು, ಉಸಿರಾಟದ ತೊಂದರೆ, ಗೊಂದಲ, ತೀವ್ರ ನಿಶ್ಶಕ್ತಿ ಕೂಡಿ ಬಂದ ಆರನೆಯ ಗುಂಪಿನಲ್ಲಿ ಈ ಪ್ರಮಾಣ ಶೇ. 19.8. ಹೊಟ್ಟೆನೋವನ್ನು ಉಸಿರಾಟದ ಕಾಯಿಲೆಯ ಸೂಚನೆಯೆಂದು ಆಗ ನಮ್ಮಲ್ಲಿ ಯಾರು ಭಾವಿಸಿದ್ದರು?

ಈ ವಿಧಾನವನ್ನು ಅರಿಯಲು ಹತ್ತಿ ಮಾರುಕಟ್ಟೆಯನ್ನು ನೆನೆಯಬಹುದು. ವ್ಯಾಪಾರಿ ಹತ್ತಿಯನ್ನು ಎಳೆಯ ಉದ್ದ ನೋಡಿ ವಿಂಗಡಿಸುತ್ತಾನೆ. ದರ್ಜೆಗಳು ಅವನಿಗೆ ಮೊದಲೇ ಗೊತ್ತು. ಇಲ್ಲಿ ಹಾಗಲ್ಲ. ದರ್ಜೆ ಯಾವುದೆಂದು ಯಾರೂ ಹೇಳಿಕೊಡದೆ, ಒಬ್ಬ ರೋಗಿಯ ದಿನಚರಿ ಮತ್ತೊಬ್ಬನದನ್ನು ಎಷ್ಟು ಹೋಲುತ್ತದೆ ಎಂಬುದನ್ನಷ್ಟೇ ಅಳೆದು ಗಣಕಯಂತ್ರವೇ ರಾಶಿ ಹಾಕುತ್ತದೆ. ಯಾವ ಲಕ್ಷಣ ಇತ್ತು ಎಂಬುದರಷ್ಟೇ, ಯಾವುದು ಯಾವ ದಿನ ಕಾಣಿಸಿತು ಎಂಬುದೂ ಮುಖ್ಯ. ಹೀಗಾಗಿಯೇ ಐದನೆಯ ದಿನದ ವೇಳೆಗೆ, ಯಾರ ಸ್ಥಿತಿ ಬಿಗಡಾಯಿಸೀತೆಂದು ಒಂದು ಮಟ್ಟಿಗೆ ಊಹಿಸಲು ಸಾಧ್ಯವಾಯಿತು. ಆದರೂ ರಾಶಿಗಳು ಐದೋ ಆರೋ ಎಂಬಲ್ಲಿ ವಿಶ್ಲೇಷಕರ ವಿವೇಚನೆಯೂ ಸೇರಿರುತ್ತದೆಂಬುದನ್ನು ಮರೆಯುವಂತಿಲ್ಲ.

ಐದನೆಯ ದಿನಕ್ಕೆ ಸಿಗುವ ಸುಳಿವಿನ ಬೆಲೆ ಲಂಡನ್ನಿಗಿಂತ ಸುರಪುರದ ಹಳ್ಳಿಯಲ್ಲಿ ಹೆಚ್ಚು. 2020ರಲ್ಲಿ ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಅದು ಆರಂಭವಾದದ್ದು 2022ರಲ್ಲಿ. ಉಸಿರು ಕಟ್ಟಿದ ಮೇಲೆ ನಾರಾಯಣಪುರದ ಆಸುಪಾಸಿನಿಂದ ಕಲಬುರಗಿಗೆ ಹೊರಟವರಿಗೆ ದಾರಿಯೇ ದೊಡ್ಡ ಶತ್ರು. ಯಾರ ಬೆರಳಿಗೆ ಮೊದಲು ಆಕ್ಸಿಮೀಟರ್ ಹಾಕಬೇಕು, ಯಾರ ರಕ್ತದ ಸಕ್ಕರೆ ನೋಡಬೇಕು ಎಂದು ಆಶಾ ಕಾರ್ಯಕರ್ತೆಗೆ ಎರಡು ದಿನ ಮೊದಲೇ ತಿಳಿಯುವಂತಿದ್ದರೆ ಕೆಲವು ಜೀವಗಳಾದರೂ ಉಳಿಯುತ್ತಿದ್ದವೇನೋ.

ಆದರೆ ಆ ಆರು ಗುಂಪುಗಳನ್ನು ಹಾಗೆಯೇ ತಂದು ಇಲ್ಲಿ ಹೊಂದಿಸುವಂತಿಲ್ಲ. ಅವು ಸ್ಮಾರ್ಟ್‌ಫೋನ್ ಉಳ್ಳ, ದಿನವೂ ಪ್ರಶ್ನಾವಳಿ ತುಂಬುವ ವ್ಯವಧಾನವಿರುವ ಜನರ ಲಕ್ಷಣಗಳು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಇನ್ನು ಭಾಷೆಯ ಮಾತು. ನಮ್ಮ ಭಾಗದ ರೋಗಿ 'ದಮ್ಮು ಹತ್ತುತ್ತದೆ' ಎನ್ನುತ್ತಾನೆ, 'ಮೈಯಾಗ ತ್ರಾಣಿಲ್ಲ' ಎನ್ನುತ್ತಾನೆ, 'ಬಾಯಿಗೆ ರುಚಿಯಿಲ್ಲ' ಎನ್ನುತ್ತಾನೆ. ಈ ಕೊನೆಯ ಮಾತು ನಾಲಿಗೆಯ ರುಚಿ ಕೆಟ್ಟದ್ದೋ, ಹಸಿವು ಹೋದದ್ದೋ? ಅಂಕಣದಲ್ಲಿ ಟಿಕ್ ಹಾಕುವವರು ಒಂದನ್ನು ಆರಿಸಲೇಬೇಕು. ಗ್ರಹಿಕೆ ಅಲ್ಲಿ ತಪ್ಪಿದರೆ ಮುಂದಿನ ಗಣಿತವೆಲ್ಲವೂ ತಪ್ಪು.

ಇದಕ್ಕಿಂತ ದೊಡ್ಡ ಕೊರತೆ ಸರ್ಕಾರಿ ನಮೂನೆಯಲ್ಲೇ ಇತ್ತು. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಉಪಕೇಂದ್ರದ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ 'ಎಸ್' ನಮೂನೆ ತುಂಬಿ ಕಳುಹಿಸುತ್ತಿದ್ದರು. ಜ್ವರ ಇಷ್ಟು, ಕೆಮ್ಮು ಇಷ್ಟು, ಭೇದಿ ಇಷ್ಟು ಎಂಬ ಒಟ್ಟು ಸಂಖ್ಯೆ ಅದರಲ್ಲಿರುತ್ತಿತ್ತು. ಕೆಮ್ಮಿದವನಿಗೇ ಭೇದಿಯೂ ಆಯಿತೇ ಎಂಬುದು ಇರುತ್ತಿರಲಿಲ್ಲ. ಲಕ್ಷಣಗಳ ನಂಟು ಒಬ್ಬೊಬ್ಬ ರೋಗಿಯೊಳಗಿರುತ್ತದೆ. ಮೊತ್ತ ಹಾಕಿದೊಡನೆ ಆ ನಂಟು ಅಳಿಸಿಹೋಗುತ್ತದೆ. ಬಳಿಕ ಎಂಥ ಗಣಕವೂ ಅದನ್ನು ಮರಳಿ ಪಡೆಯಲಾರದು. 2021ರಲ್ಲಿ ಈ ವ್ಯವಸ್ಥೆ ವಿದ್ಯುನ್ಮಾನ ವೇದಿಕೆಗೆ ವರ್ಗವಾಯಿತು. ಆದರೆ ಯಂತ್ರ ಬದಲಾದ ಮಾತ್ರಕ್ಕೆ ಪ್ರಶ್ನೆ ಕೇಳುವವರ ಹೊರೆ ಇಳಿಯುವುದಿಲ್ಲ. ಲಂಡನ್ನಿನ ಅಧ್ಯಯನ ಸುದ್ದಿಯಾದ ಆ ಜುಲೈ ತಿಂಗಳಲ್ಲೇ, 12,000 ರೂಪಾಯಿ ಗೌರವಧನಕ್ಕಾಗಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದ್ದರೆಂಬುದು ಇಲ್ಲಿ ಉಲ್ಲೇಖನೀಯ.

ಭಯದ ಲೆಕ್ಕವೂ ಬೇರೆ ಇದೆ. ಕೆಮ್ಮು ಎಂದರೆ ಆಂಬುಲೆನ್ಸ್ ಬಂದು ಒಯ್ಯುತ್ತದೆ, ಕೂಲಿ ತಪ್ಪುತ್ತದೆ, ಓಣಿಯವರು ದೂರವಿಡುತ್ತಾರೆ ಎಂದು ತಿಳಿದವರು ಬಾಗಿಲಲ್ಲಿ ನಿಂತು 'ಏನೂ ಇಲ್ಲರೀ' ಎಂದರು. ಹಾಗೆ ಮುಚ್ಚಿಟ್ಟವರೂ ನಿಜಕ್ಕೂ ಲಕ್ಷಣವಿಲ್ಲದವರೂ ದಾಖಲೆಯಲ್ಲಿ ಒಂದೇ ಗುಂಪು.

ಗುಂಪುಗಳು ಸ್ಥಿರವೂ ಅಲ್ಲ. ಅದೇ ಆ್ಯಪ್‌ನ ಮಾಹಿತಿ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಂತೆ, ಡೆಲ್ಟಾ ಕಾಲದಲ್ಲಿ ಶೇ. 52.7ರಷ್ಟಿದ್ದ ವಾಸನೆ ನಷ್ಟದ ದೂರು ಓಮಿಕ್ರಾನ್ ಕಾಲಕ್ಕೆ ಶೇ. 16.7ಕ್ಕೆ ಇಳಿಯಿತು, ಗಂಟಲು ನೋವು ಹೆಚ್ಚಿತು. ಹಳೆಯ ರಾಶಿಗಳನ್ನು ನಂಬಿ ಕುಳಿತವರಿಗೆ ಹೊಸ ರೂಪಾಂತರಿ ಕಾಣಿಸುವುದೇ ಇಲ್ಲ. ಆದ್ದರಿಂದ ಮುಂದಿನ ಚಳಿಗಾಲದ ಜ್ವರಕ್ಕೆ ಬೇಕಿರುವುದು ತರಿಸಿಕೊಂಡ ಗುಂಪುಗಳಲ್ಲ. ಶಹಾಪುರದ ಒಂದು ಉಪಕೇಂದ್ರದಲ್ಲಿ, ಒಬ್ಬ ರೋಗಿಗೆ ಒಂದು ಸಾಲು, ಲಕ್ಷಣ ಶುರುವಾದ ದಿನ, ಆತ ಬಳಸಿದ ಮಾತು ಹಾಗೂ ಹತ್ತು ದಿನಗಳ ನಂತರ ಆತ ಏನಾದ ಎಂಬ ಮೂರು ಅಂಕಣಗಳ ವಹಿಯೊಂದು ಇದ್ದರೆ, ಕೆಲಸ ಆರಂಭಿಸಲು ಅಷ್ಟು ಸಾಕು.